ಪಂಪು ಹಾಕಿದರೆ ಬಲ್ಬು ಜೋರಾಗುತ್ತಿದ್ದ ಮನೆ: ಆಡಿಯೋ ಸಿಸ್ಟಮ್ಮಿಗೆ ಪವರ್ ಕಂಡೀಷನರ್ ಆರಿಸಿದ ಒಂದು ಪ್ರಕರಣ

ಒಳ್ಳೆಯ ಆಂಪ್ಲಿಫಯರ್, ಸ್ಪೀಕರ್ ಕೊಂಡವರು ಇವತ್ತಲ್ಲ ನಾಳೆ ಕೇಳುವ ಪ್ರಶ್ನೆ ಇದು: ಪವರ್ ಕಂಡೀಷನರ್ (ಗೋಡೆಯ ಸಾಕೆಟ್ಟಿಗೂ ಸಿಸ್ಟಮ್ಮಿಗೂ ನಡುವೆ ಕೂತು ಕರೆಂಟನ್ನು ಸರಿಪಡಿಸುವ ಪೆಟ್ಟಿಗೆ) ಬೇಕಾ, ಬೇಕಾದರೆ ಯಾವುದು? ನಮ್ಮ ಕರಾವಳಿಯಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಏಪ್ರಿಲ್, ಮೇ ತಿಂಗಳ ಸಿಡಿಲು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಉಪ್ಪುಗಾಳಿಗೆ ಹಿಡಿಯುವ ತುಕ್ಕು, ಲೈನಿನ ಕೊನೆಯ ಮನೆಗಳಿಗೆ ಸಂಜೆ ಸಿಗುವ ಲೋ ವೋಲ್ಟೇಜು, ಇವೆಲ್ಲ ಕೊನೆಗೆ ಬಂದು ಮುಟ್ಟುವುದು ಅದೇ ಪ್ಲಗ್ಗಿಗೆ. ಉಡುಪಿ ಕಡೆಯ ಒಂದು ಮನೆಯಲ್ಲಿ ಈ ಆಯ್ಕೆ ಹೇಗೆ ನಡೆಯಿತು, ಎಲ್ಲೆಲ್ಲಿ ತಿರುವು ತೆಗೆದುಕೊಂಡಿತು ಎಂಬುದನ್ನು ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಊರು, ಕಂಪನಿ, ಅಂಗಡಿಗಳ ಹೆಸರು ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಅಳತೆಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಮನೆ ಮತ್ತು ಸಿಸ್ಟಮ್

ಉಡುಪಿಯಿಂದ ಪೂರ್ವಕ್ಕೆ, ಘಟ್ಟದ ತಪ್ಪಲಿನ ಕಡೆ ಹೋಗುವ ದಾರಿಯಲ್ಲಿ ಅಡಿಕೆ ತೋಟದ ನಡುವಿನ ಮನೆ. ಹಳೆಯ ಹೆಂಚಿನ ಭಾಗಕ್ಕೆ ಮುಂದೆ ತಾರಸಿ ಕಟ್ಟಿ ಸೇರಿಸಿದ್ದಾರೆ. ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ಇಲ್ಲಿ ಅವರನ್ನು ರಾಯರು ಎಂದಷ್ಟೇ ಕರೆಯುತ್ತೇನೆ. ಮನೆಯಲ್ಲಿ ಅವರು, ಅವರ ಪತ್ನಿ, ಮಣಿಪಾಲದಲ್ಲಿ ಓದುವ ಮೊಮ್ಮಗಳು. ಮಗ ಗಲ್ಫ್‌ನಲ್ಲಿ.

ಬೆಳಗ್ಗೆ ಹಿಂದೂಸ್ತಾನಿ ಗಾಯನ, ಸಂಜೆ ತಾಳಮದ್ದಳೆಯ ಹಳೆಯ ಕ್ಯಾಸೆಟ್ಟುಗಳು. ಇದು ರಾಯರ ದಿನಚರಿ. ಕ್ಯಾಸೆಟ್ಟುಗಳಲ್ಲಿ ಹಲವು ಅವರೇ ಆಟ, ಕೂಟಗಳಿಗೆ ಹೋಗಿ ಟೇಪ್ ಮಾಡಿದವು, ಬೇರೆಲ್ಲೂ ಸಿಗುವಂಥವಲ್ಲ. ಸಿಸ್ಟಮ್ ಎಂದರೆ ಒಂದೊಂದು ಚಾನೆಲ್ಲಿಗೆ 80 ವ್ಯಾಟ್ ಕೊಡುವ ಆಂಪ್ಲಿಫಯರ್ (ಒಳಗೆ ಬಳೆಯಾಕಾರದ ದೊಡ್ಡ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್), ನೆಲದ ಮೇಲೆ ನಿಲ್ಲುವ ಜೋಡಿ ಸ್ಪೀಕರ್, ಸಿ.ಡಿ. ಪ್ಲೇಯರ್, ಕ್ಯಾಸೆಟ್ ಡೆಕ್, ಮೊಬೈಲಿನಿಂದ ಹಾಡು ಹಾಕಲು ಒಂದು ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫಯರಿಗೆ ಬೇಕಾದ ಸಿಗ್ನಲ್ ಮಾಡಿ ಕೊಡುವ ಸಾಧನ). ಟಿ.ವಿ.ಯ ಸೆಟ್‌ಟಾಪ್ ಬಾಕ್ಸಿನ ಆಡಿಯೋ ವಯರು ಕೂಡ ಇದೇ ಆಂಪ್ಲಿಫಯರಿಗೆ.

ಕರೆಂಟು ತ್ರೀ ಫೇಸ್, ಅಂದರೆ ಮೂರು ಬೇರೆ ಬೇರೆ ಲೈನುಗಳಲ್ಲಿ ಬರುವಂಥದ್ದು. ಬಾವಿಯ ಒಂದು ಎಚ್.ಪಿ. ಪಂಪು ಒಂದು ಫೇಸಿನಲ್ಲಿ. ಸಂಗೀತದ ಕೋಣೆ, ದೇವರ ಕೋಣೆ, ಅಡುಗೆಮನೆಯ ಇಂಡಕ್ಷನ್ ಒಲೆ ಇನ್ನೊಂದರಲ್ಲಿ. ಈ ಹಂಚಿಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದೂರುಗಳು

ನನ್ನನ್ನು ಕರೆಸುವ ಹೊತ್ತಿಗೆ ದೂರುಗಳೆಲ್ಲ ಸೇರಿ ಒಂದೇ ವಾಕ್ಯವಾಗಿದ್ದವು: “ನಮ್ಮ ಕರೆಂಟೇ ಸರಿ ಇಲ್ಲ ಮಾರಾಯ್ರೆ, ಒಂದು ಒಳ್ಳೆ ಕಂಡೀಷನರ್ ಹೇಳಿ.” ಕೂತು ಕೇಳಿದಾಗ ಒಳಗೆ ನಾಲ್ಕು ಬೇರೆ ಬೇರೆ ಸಂಗತಿಗಳಿದ್ದವು.

ಹಿಂದಿನ ಮೇ ತಿಂಗಳಲ್ಲಿ ಸಿಡಿಲಿಗೆ ಮೊದಲಿನ ಆಂಪ್ಲಿಫಯರ್ ಸುಟ್ಟಿತ್ತು. ಸಂಜೆ ಸಿ.ಡಿ. ಪ್ಲೇಯರ್ ತಾನಾಗಿ ಆಫ್ ಆಗಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಸ್ಪೀಕರಿನಿಂದ ಸದಾ ಒಂದು ಗುಂಯ್ ಸದ್ದು. ನಾಲ್ಕನೆಯದು ತುಂಬಾ ಸೂಕ್ಷ್ಮದ್ದು, ಅದನ್ನು ರಾಯರ ಕಿವಿಯೇ ಹಿಡಿಯಬೇಕು. ಬೆಳಗ್ಗೆ ಕೆಲವು ಹೊತ್ತು ತಂಬೂರಿಯ ಮಂದ್ರ ಪಂಚಮ ಶ್ರುತಿ ತಪ್ಪಿದಂತೆ ಅಲೆಯುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಸರಿಯಾಗುತ್ತದೆ ಎಂದರು. ಅದೇ ಸಿ.ಡಿ., ಅದೇ ಹಾಡು.

ಈ ಕೊನೆಯದನ್ನು ಯಾರೂ ನಂಬಿರಲಿಲ್ಲ. ಆದರೆ ಲೆಕ್ಕ ಹಾಕಿದರೆ ಅವರು ಹೇಳಿದ್ದು ಪೂರ್ತಿ ಸರಿ. ಒಂದು ಕಟ್ಟೆ ಶ್ರುತಿಯ (ಹಾರ್ಮೋನಿಯಮ್ಮಿನ ಬಿಳಿ ಒಂದು) ಷಡ್ಜ ಸುಮಾರು 131 ಹರ್ಟ್ಸ್. ಅದರ ಕೆಳಗಿನ ಪಂಚಮ ಸುಮಾರು 98. ನಮ್ಮ ಕರೆಂಟು 50 ಹರ್ಟ್ಸ್‌ನದು, ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಕಂಪಿಸುವುದು ಅದರ ಇಮ್ಮಡಿ, ಅಂದರೆ 100 ಹರ್ಟ್ಸ್‌ನಲ್ಲಿ. 98 ಮತ್ತು 100 ಒಟ್ಟಿಗೆ ಕೇಳಿದರೆ ಸೆಕೆಂಡಿಗೆ ಎರಡು ಸಲ ಏರಿಳಿಯುವ ಅಲೆ ಹುಟ್ಟುತ್ತದೆ. ತಂಬೂರಿ ಶ್ರುತಿ ಕೂಡಿಸುವಾಗ ಯಾವ ಅಲೆಯನ್ನು ಕೇಳಿ ತಂತಿ ಬಿಗಿಯುತ್ತೇವೋ ಅದೇ ಅಲೆ. ಆಂಪ್ಲಿಫಯರಿನ ಪೆಟ್ಟಿಗೆಯೇ ಬೆಳಗ್ಗೆ ಕೆಲವು ಹೊತ್ತು ಗುನುಗುತ್ತಿತ್ತು. ಸ್ಪೀಕರಿನ ಗುಂಯ್ ಬೇರೆ, ಇದು ಬೇರೆ. ಎರಡನ್ನೂ ಒಂದೇ ಎಂದುಕೊಂಡಿದ್ದರೆ ಮುಂದಿನ ದಾರಿಯೇ ತಪ್ಪುತ್ತಿತ್ತು.

ನಾನು ಹೋಗುವ ಮೊದಲು ನಡೆದದ್ದು

ಮನೆಯ ಹಿತೈಷಿಯೊಬ್ಬರು ಆಂಪ್ಲಿಫಯರಿನ ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ತ್ ವಯರು ಬಿಚ್ಚಿಸಿದ್ದರು. ಸ್ಪೀಕರಿನ ಗುಂಯ್ ತಕ್ಷಣ ನಿಂತಿತು, ಎಲ್ಲರಿಗೂ ಖುಷಿ. ಕೆಲವು ದಿನ ಕಳೆದು ರಾಯರ ಪತ್ನಿ ಒದ್ದೆ ಬಟ್ಟೆಯಲ್ಲಿ ಧೂಳು ಒರೆಸುವಾಗ ಪೆಟ್ಟಿಗೆ ಮುಟ್ಟಿದ ಕೈ ಜುಮ್ಮೆಂದಿತು. “ಅದು ಸಣ್ಣಕೆ ಕಚ್ಚುತ್ತದೆ, ನಾನು ಆ ಕಡೆ ಹೋಗುದೇ ಇಲ್ಲ” ಎಂದು ನನಗೆ ಹೇಳಿದರು.

ನಾನು ಮೊದಲು ಮಾಡಿದ ಕೆಲಸ ಆ ವಯರನ್ನು ಮತ್ತೆ ಸೇರಿಸಿದ್ದು. ಗುಂಯ್ ವಾಪಸ್ ಬಂತು, ರಾಯರ ಮುಖ ಸಪ್ಪಗಾಯಿತು. ಆದರೂ ಇದರಲ್ಲಿ ರಾಜಿ ಇಲ್ಲ. ಅರ್ತ್ ಇಲ್ಲದ ಲೋಹದ ಪೆಟ್ಟಿಗೆಯೊಳಗೆ ಒಂದು ಫೇಸ್ ವಯರಿನ ಹೊದಿಕೆ ಕಿತ್ತು ಬಂದರೆ ಪೆಟ್ಟಿಗೆ ಪೂರ್ತಿ 230 ವೋಲ್ಟಿಗೆ ಏರಿ ಕೂರುತ್ತದೆ, ಫ್ಯೂಸೂ ಹೋಗುವುದಿಲ್ಲ. ಕರೆಂಟು ಸೋರಿದರೆ ತಕ್ಷಣ ಕಡಿಯುವ ಆರ್‌ಸಿಸಿಬಿ ಎಂಬ ಸ್ವಿಚ್ಚು ಕೂಡ ಆ ಮನೆಯಲ್ಲಿ ಆಗ ಇರಲಿಲ್ಲ. ಗುಂಯ್ ಸದ್ದಿಗೆ ಅರ್ತ್ ತೆಗೆಯುವ ಸಲಹೆ ನಮ್ಮಲ್ಲಿ ಬಾಯಿಂದ ಬಾಯಿಗೆ ಹರಿದಾಡುತ್ತಲೇ ಇದೆ. ಕೊಟ್ಟವರು ಯಾರೇ ಆಗಲಿ, ಅದನ್ನು ಕೇಳಬೇಡಿ.

ಇನ್ನೊಂದು ಕಡೆ, ಊರಿನ ಎಲೆಕ್ಟ್ರೀಷಿಯನ್ ಫ್ರಿಜ್ಜಿಗೆ ಹಾಕುವಂಥ ರಿಲೇ ಸ್ಟೆಬಿಲೈಸರ್ ಸಾಕು ಎಂದಿದ್ದರು. ಮಗ ಫೋನಿನಲ್ಲಿ ವಿದೇಶಿ ಕಂಡೀಷನರ್ ಒಂದನ್ನು ಗೊತ್ತುಮಾಡಿದ್ದ. ಬೆಲೆ ಒಂದೂಕಾಲು ಲಕ್ಷದ ಹತ್ತಿರ. ಮಂಗಳೂರಿನ ಅಂಗಡಿಯವರು ಕೆಲವು ದಿನ ಇಟ್ಟು ನೋಡಿ ಎಂದು ಅದನ್ನೇ ಕೊಟ್ಟು ಕಳಿಸಿದ್ದರು. ಒಳ್ಳೆಯ ಪದ್ಧತಿ, ಎಲ್ಲ ಅಂಗಡಿಯವರೂ ಹೀಗೆ ಕೊಡುವುದಿಲ್ಲ.

ಕಂಡೀಷನರ್ ಎಂದರೆ ಏನೇನು

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಹೆಸರಿನಲ್ಲಿ ಮಾರುವುದು ಒಂದೇ ವಸ್ತುವನ್ನಲ್ಲ. ಕೆಲವದರಲ್ಲಿ ಇರುವುದು ಎಂ.ಒ.ವಿ. ಎಂಬ ಬಿಲ್ಲೆಗಳು. ಸಿಡಿಲಿನಂಥ ಕ್ಷಣಾರ್ಧದ ಏರುವೋಲ್ಟೇಜನ್ನು ಅವು ತಮ್ಮ ಮೂಲಕ ಹರಿಯಬಿಟ್ಟು ತಗ್ಗಿಸುತ್ತವೆ. ಕೆಲವದರಲ್ಲಿ ಕಾಯಿಲ್ ಮತ್ತು ಕೆಪಾಸಿಟರಿನ ಫಿಲ್ಟರ್. ಅದು ಎಲ್‌ಇಡಿ ಡ್ರೈವರ್, ಚಾರ್ಜರ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹುಟ್ಟಿಸುವ ಹತ್ತಾರು ಕಿಲೋಹರ್ಟ್ಸ್‌ನಿಂದ ಮೇಲಿನ ಗಲಾಟೆಯನ್ನು ತಡೆಯುತ್ತದೆ. ಕೆಲವು ಐಸೊಲೇಷನ್ ಟ್ರಾನ್ಸ್‌ಫಾರ್ಮರ್, ಲೈನಿಗೂ ಸಿಸ್ಟಮ್ಮಿಗೂ ನೇರ ತಂತಿಯ ಸಂಪರ್ಕ ಇಲ್ಲದಂತೆ ಮಾಡುವಂಥವು. ಕೆಲವು ಒಳಗೆ ಸ್ಟೆಬಿಲೈಸರ್ ಇಟ್ಟುಕೊಂಡು ವೋಲ್ಟೇಜ್ ಸರಿದೂಗಿಸುತ್ತವೆ. ತೀರಾ ದುಬಾರಿಯವು ಎ.ಸಿ.ಯನ್ನು ಡಿ.ಸಿ. ಮಾಡಿ ಮತ್ತೆ ಹೊಸದಾಗಿ ಎ.ಸಿ. ತಯಾರಿಸುತ್ತವೆ.

ಇದರಿಂದ ಹೊಳೆಯುವುದು ಇಷ್ಟು. ಫಿಲ್ಟರಿಗೆ 50 ಅಥವಾ 100 ಹರ್ಟ್ಸ್‌ನ ಗುಂಯ್ ಕಾಣಿಸುವುದೇ ಇಲ್ಲ, ಅದರ ಕೆಲಸ ಅದಕ್ಕಿಂತ ನೂರಾರು ಪಟ್ಟು ಮೇಲೆ. ಎಂ.ಒ.ವಿ.ಗೆ ಲೋ ವೋಲ್ಟೇಜ್ ಸಂಬಂಧವಿಲ್ಲ. ಸ್ಟೆಬಿಲೈಸರಿಗೆ ಸಿಡಿಲು ತಡೆಯಲು ಬರುವುದಿಲ್ಲ. ಜ್ವರಕ್ಕೆ ಯಾವ ಮದ್ದು ಎಂದು ಕೇಳುವ ಮೊದಲು ಜ್ವರ ಯಾವುದರದ್ದು ಎಂದು ನೋಡಬೇಕಲ್ಲ, ಇಲ್ಲಿಯೂ ಹಾಗೆಯೇ. ಅದಕ್ಕಾಗಿ ಕೊಳ್ಳುವ ಮಾತನ್ನು ಬದಿಗಿಟ್ಟು ಅಳೆಯಲು ಹೊರಟೆವು.

ಕೆಂಪು ದೀಪ

ಅಳೆಯುವ ಮೊದಲೇ ಅಂಗಡಿಯವರ ಪೆಟ್ಟಿಗೆ ಒಂದು ಸುಳಿವು ಕೊಟ್ಟಿತು. ಬೆಳಗ್ಗೆ ಟ್ಯಾಂಕಿಗೆ ನೀರು ಏರಿಸಲು ಪಂಪು ಹಾಕಿದಾಗಲೆಲ್ಲ ಅದರ ಓವರ್‌ವೋಲ್ಟೇಜ್ ದೀಪ ಕೆಂಪಗೆ ಹೊತ್ತಿ, ಸಿಸ್ಟಮ್ ಪೂರ್ತಿ ಆಫ್ ಆಗುತ್ತಿತ್ತು. ಅಂಗಡಿಗೆ ಫೋನ್ ಮಾಡಿದರೆ, ನೋಡಿ ಹೇಗೆ ಕಾಪಾಡುತ್ತಿದೆ ಎಂದರು. ಮಗನಿಗೂ ಅದೇ ಸರಿ ಎನಿಸಿತು: “ಅಪ್ಪ, ಇನ್ನೇನು ಪುರಾವೆ ಬೇಕು ನಿಮಗೆ?”

ನನಗೆ ಸರಿ ಕಾಣಲಿಲ್ಲ. ಪಂಪಿನಂಥ ಲೋಡು ಬಿದ್ದರೆ ವೋಲ್ಟೇಜ್ ಇಳಿಯಬೇಕು; ಮೋಟರು ತಿರುಗಲು ಶುರುಮಾಡುವ ಕ್ಷಣ ತನ್ನ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಈ ಮನೆಯಲ್ಲಿ ಅದು ಏರುತ್ತಿತ್ತು.

ದೇವರ ಕೋಣೆಯಲ್ಲಿ ಒಂದು ಹಳೆಯ ತಂತಿಯ ಬಲ್ಬು ಉಳಿದಿತ್ತು. ಉಳಿದ ಕೋಣೆಗಳೆಲ್ಲ ಎಲ್‌ಇಡಿಗೆ ಬದಲಾಗಿದ್ದವು, ಒಳ್ಳೆಯ ಎಲ್‌ಇಡಿ ವೋಲ್ಟೇಜಿನ ಸಣ್ಣ ಏರಿಳಿತವನ್ನು ತೋರಿಸಿಕೊಡುವುದಿಲ್ಲ. ರಾಯರನ್ನು ಬಾಗಿಲಲ್ಲಿ ನಿಲ್ಲಿಸಿ ಪಂಪು ಹಾಕಿಸಿದೆ. ಬಲ್ಬು ಒಮ್ಮೆ ಫಕ್ಕನೆ ಹೊಳೆದು, ಮೊದಲಿಗಿಂತ ಸ್ವಲ್ಪ ಬಿಳಿಯಾಗಿ ನಿಂತಿತು. ಪಂಪು ಆಫ್ ಮಾಡಿದಾಗ ಮತ್ತೆ ಹಳದಿ.

“ಎಂತ ಮಾರಾಯ್ರೆ ಇದು, ಪಂಪು ಹಾಕಿದ್ರೆ ಬಲ್ಬು ಜೋರಾಗುದಾ?”

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ತ್ರೀ ಫೇಸ್ ಮನೆಯಲ್ಲಿ ಒಂದು ಫೇಸಿನ ಲೋಡಿಗೆ ಇನ್ನೊಂದು ಫೇಸಿನ ದೀಪ ಜೋರಾದರೆ ಮೊದಲು ಗುಮಾನಿ ಬರಬೇಕಾದದ್ದು ನ್ಯೂಟ್ರಲ್ ಮೇಲೆ. ಮೂರೂ ಫೇಸುಗಳ ಕರೆಂಟು ವಾಪಸ್ ಹೋಗುವ ಆ ಒಂದೇ ತಂತಿಯ ಸಂಪರ್ಕ ಸಡಿಲವಾದರೆ, ಲೋಡು ಬಿದ್ದ ಫೇಸಿನ ಕಡೆಗೆ ಅದು ವಾಲುತ್ತದೆ. ಆ ಫೇಸಿನಲ್ಲಿ ವೋಲ್ಟೇಜ್ ಇಳಿದು ಉಳಿದೆರಡರಲ್ಲಿ ಏರುತ್ತದೆ. ಪೂರ್ತಿ ತುಂಡಾದರಂತೂ ಕಡಿಮೆ ಲೋಡಿರುವ ಫೇಸಿನ ಮೇಲೆ 400 ವೋಲ್ಟಿನ ಸಮೀಪಕ್ಕೂ ಹೋಗಬಹುದು. ಫ್ರಿಜ್ಜು, ಟಿ.ವಿ., ಆಂಪ್ಲಿಫಯರ್ ಒಟ್ಟಿಗೆ ಸುಡುವುದು ಹೀಗೆ.

ಮೀಟರು ಅದನ್ನೇ ಹೇಳಿತು. ಸಂಗೀತದ ಕೋಣೆಯ ಸಾಕೆಟ್ಟಿನಲ್ಲಿ 235 ವೋಲ್ಟ್ ಇದ್ದದ್ದು ಪಂಪು ಓಡುವಾಗ 243. ಪಂಪು ಶುರುವಾಗುವ ಕ್ಷಣಕ್ಕೆ ಮೀಟರು ಹಿಡಿಯಲಾಗದಷ್ಟು ಬೇಗ ಇನ್ನೂ ಮೇಲೆ ಜಿಗಿದು ಇಳಿಯುತ್ತಿತ್ತು. ನ್ಯೂಟ್ರಲ್ ಮತ್ತು ಅರ್ತ್ ನಡುವೆ, ಎರಡು ಮೂರು ವೋಲ್ಟಿನೊಳಗೆ ಇರಬೇಕಾದಲ್ಲಿ, 15. ಸಂಜೆ ಇಂಡಕ್ಷನ್ ಒಲೆ ಹೊತ್ತಿಸಿದರೆ ಇದೇ ಕೋಣೆಯ ವೋಲ್ಟೇಜ್ 184ಕ್ಕೆ ಇಳಿಯುತ್ತಿತ್ತು. ಸಿ.ಡಿ. ಪ್ಲೇಯರ್ ಆಫ್ ಆಗುವ ಹೊತ್ತೂ ಅದೇ. ರಾಯರ ಪತ್ನಿ ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲೇ ಹೊತ್ತು, ವೋಲ್ಟೇಜು, ಆಗ ಏನು ಚಾಲೂ ಇತ್ತು ಎಂದು ಬರೆದಿಟ್ಟರು. ಆ ಪುಟಗಳು ಇಲ್ಲದಿದ್ದರೆ ಒಲೆಗೂ ಪ್ಲೇಯರಿಗೂ ನಂಟು ಕಾಣುತ್ತಿರಲಿಲ್ಲ.

ಮೀಟರು ಬೋರ್ಡಿನ ಹತ್ತಿರ, ನ್ಯೂಟ್ರಲ್ ತಂತಿಗಳನ್ನು ಕೂಡಿಸುವ ಲಿಂಕಿನ ಮುಚ್ಚಳ ಮುಟ್ಟಿದರೆ ಬಿಸಿ. ಲೈನ್‌ಮ್ಯಾನ್ ಬಂದು ಕಂಬದಲ್ಲಿ ಸಂಪರ್ಕ ತಪ್ಪಿಸಿದ ಮೇಲೆ ತೆರೆದೆವು. ಕಂಬದಿಂದ ಬಂದ ಅಲ್ಯೂಮಿನಿಯಮ್ ತಂತಿ, ಮನೆಯ ತಾಮ್ರದ ತಂತಿ ಒಂದೇ ಸ್ಕ್ರೂವಿನ ಕೆಳಗೆ. ಅಲ್ಯೂಮಿನಿಯಮ್ ಮೇಲೆ ಬಿಳಿ ಹುಡಿ, ಸುತ್ತಲಿನ ಪ್ಲಾಸ್ಟಿಕ್ ಕಪ್ಪಗಾಗಿ ಕರಗಿತ್ತು. ಎರಡು ಲೋಹಗಳನ್ನು ನೇರವಾಗಿ ಜೋಡಿಸಿದಲ್ಲಿ ತೇವದ ಗಾಳಿ ಸೇರಿದರೆ ಹೀಗಾಗುವುದು ಸಹಜ. ಎರಡಕ್ಕೂ ಹೊಂದುವ ಬೈಮೆಟಲ್ ಲಗ್ ಹಾಕಿ, ಬೇರೆ ಬೇರೆ ಸ್ಕ್ರೂವಿಗೆ ಬಿಗಿದು, ಹೊಸ ಲಿಂಕ್ ಕೂರಿಸಲಾಯಿತು.

ಪಂಪು ಹಾಕಿದೆವು. ಬಲ್ಬು ಅಲುಗಲಿಲ್ಲ. ಸಂಜೆ ಒಲೆ ಹೊತ್ತಿಸಿದಾಗ 205. ಪ್ಲೇಯರ್ ಆಫ್ ಆಗುವುದು ಅಂದಿಗೆ ನಿಂತಿತು.

ಒಂದೂಕಾಲು ಲಕ್ಷದ ಪೆಟ್ಟಿಗೆಯನ್ನು ಕೊಂಡು ಸುಮ್ಮನಾಗಿದ್ದರೆ ಏನಾಗುತ್ತಿತ್ತು? ಸಿಸ್ಟಮ್ ಬಹುಶಃ ಉಳಿಯುತ್ತಿತ್ತು. ಹೆಂಚಿನ ಮಾಡಿನ ಮರದ ಪಕಾಸಿಗೆ ಎರಡು ಗೇಣು ಕೆಳಗೆ ಆ ಲಿಂಕ್ ಮಾತ್ರ ಬಿಸಿಯಾಗುತ್ತಲೇ ಇರುತ್ತಿತ್ತು. ಇದನ್ನು ನೆನೆದರೆ ನನಗೆ ಈಗಲೂ ನೆಮ್ಮದಿ ಇಲ್ಲ.

ಎರಡು ಗುಂಯ್‌ಗಳು

ಬೆಳಗಿನ ತಂಬೂರಿಯ ಅಲೆಗೆ ಕಾರಣ ಮೊಮ್ಮಗಳ ಹೇರ್ ಡ್ರೈಯರ್. ಕಾಲೇಜಿಗೆ ಹೊರಡುವ ಮೊದಲು ಕೂದಲು ಒಣಗಿಸುವ ಹೊತ್ತಿಗೇ ಪೆಟ್ಟಿಗೆ ಗುನುಗುತ್ತಿತ್ತು. ಅಗ್ಗದ ಡ್ರೈಯರುಗಳಲ್ಲಿ ಕಡಿಮೆ ಶಾಖದ ಸ್ವಿಚ್ಚು ಎಂದರೆ ಒಳಗೊಂದು ಡಯೋಡ್. ಅದು ಕರೆಂಟಿನ ಅಲೆಯಲ್ಲಿ ಅರ್ಧವನ್ನಷ್ಟೇ ಎಳೆಯುತ್ತದೆ. ಅದರಿಂದ ಲೈನಿನ ಮೇಲೆ ಸಣ್ಣ ಡಿ.ಸಿ. ಸೇರಿಕೊಳ್ಳುತ್ತದೆ. ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್ ಬಹಳ ಒಳ್ಳೆಯದು, ಆದರೆ ಅದರ ಕಬ್ಬಿಣದ ಬಳೆಯಲ್ಲಿ ಎಲ್ಲೂ ಸಂದಿಲ್ಲದ ಕಾರಣ ಒಂದು ವೋಲ್ಟಿನ ಆಸುಪಾಸಿನ ಡಿ.ಸಿ.ಗೂ ಗುನುಗಲು ಶುರುಮಾಡುತ್ತದೆ. ಸಡಿಲ ನ್ಯೂಟ್ರಲ್ ಈ ಡಿ.ಸಿ.ಯನ್ನು ದೊಡ್ಡದು ಮಾಡಿತ್ತು. ಲಿಂಕ್ ಬದಲಾದ ಮೇಲೆ ಡ್ರೈಯರ್ ಓಡಿದರೂ ಪೆಟ್ಟಿಗೆಗೆ ಕಿವಿ ತಾಗಿಸಿದರಷ್ಟೇ ಕೇಳುವಷ್ಟು ಉಳಿಯಿತು. ಡಿ.ಸಿ. ತಡೆಯುವ ಪುಟ್ಟ ಸಾಧನ ಪ್ರತ್ಯೇಕವಾಗಿ ಸಿಗುತ್ತದೆ. ಇಲ್ಲಿ ಅದನ್ನು ಕೊಳ್ಳುವ ಅಗತ್ಯ ಬರಲಿಲ್ಲ. ಗಮನಿಸಬೇಕಾದ್ದು, ಅಂಗಡಿಯವರ ಕಂಡೀಷನರ್ ಇದ್ದ ದಿನಗಳಲ್ಲೂ ಈ ಗುನುಗು ಹಾಗೆಯೇ ಇತ್ತು. ಅದರೊಳಗಿದ್ದದ್ದು ಫಿಲ್ಟರ್ ಮತ್ತು ಎಂ.ಒ.ವಿ., ಡಿ.ಸಿ. ಸಲೀಸಾಗಿ ದಾಟಿ ಹೋಗುತ್ತಿತ್ತು.

ಸ್ಪೀಕರಿನ ಗುಂಯ್‌ಗೆ ಪರೀಕ್ಷೆ ಸುಲಭ. ಒಂದೊಂದೇ ವಯರು ಕಿತ್ತು ಕೇಳುತ್ತಾ ಹೋಗುವುದು. ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ ಟಿ.ವಿ. ವಯರು ಕಿತ್ತ ಕೂಡಲೇ ಮೌನ. ಕೇಬಲ್ಲಿನ ಹೊರಕವಚ ಊರಿನ ಬೇರೆಲ್ಲೋ ಅರ್ತ್ ಆಗಿದೆ, ಆಂಪ್ಲಿಫಯರ್ ಮನೆಯಲ್ಲಿ ಅರ್ತ್ ಆಗಿದೆ. ಎರಡು ಅರ್ತುಗಳ ನಡುವಿನ ವೋಲ್ಟೇಜು ಆಡಿಯೋ ವಯರಿನ ಮೂಲಕ ಹರಿದು ಸದ್ದಾಗುತ್ತದೆ. ಪ್ಲಗ್ಗಿನ ಅರ್ತ್ ಕಿತ್ತಾಗ ಸದ್ದು ನಿಂತದ್ದು ಈ ಸುತ್ತು ತುಂಡಾದ್ದರಿಂದ. ತುಂಡು ಮಾಡಲು ಸುರಕ್ಷಿತ ಜಾಗ ಇನ್ನೊಂದಿತ್ತು. ಬಾಕ್ಸಿನಿಂದ ಡ್ಯಾಕಿಗೆ ಆಪ್ಟಿಕಲ್ ಕೇಬಲ್ ಹಾಕಿದೆವು. ಅದರಲ್ಲಿ ಹೋಗುವುದು ಬೆಳಕು, ಕರೆಂಟಿಗೆ ದಾರಿಯೇ ಇಲ್ಲ. ಕೆಲವೇ ನೂರು ರೂಪಾಯಿ. ಇಡೀ ಪ್ರಕರಣದಲ್ಲಿ ಅತಿ ಅಗ್ಗದ ಮತ್ತು ಕಿವಿಗೆ ಅತಿ ಹೆಚ್ಚು ಗೊತ್ತಾದ ಖರ್ಚು ಇದೇ.

ಮುರಕಲ್ಲಿನ ನೆಲದಲ್ಲಿ ಅರ್ತ್

ಸಿಡಿಲಿನ ವಿಷಯ ಬಾಕಿ ಇತ್ತು. ಸರ್ಜ್ (ಕ್ಷಣಾರ್ಧದ ಏರುವೋಲ್ಟೇಜ್) ತಡೆಯುವ ಯಾವ ಸಾಧನ ಹಾಕಿದರೂ ಅದು ಸಿಡಿಲಿನ ಕರೆಂಟನ್ನು ತಳ್ಳುವುದು ಅರ್ತಿಗೆ. ಅರ್ತ್ ಗುಂಡಿ ತೆರೆದರೆ ಜಿ.ಐ. ಪೈಪು ತುಕ್ಕು ಹಿಡಿದು ಕೈಯಲ್ಲಿ ಮುರಿದು ಬಂತು, ಮೇಲಿನ ಕ್ಲಾಂಪು ಹೆಸರಿಗಷ್ಟೇ. ಅರ್ತ್ ಟೆಸ್ಟರ್ 60 ಓಮ್ ದಾಟಿ ತೋರಿಸಿತು, ಇದು ಕಡಿಮೆ ಇದ್ದಷ್ಟು ಒಳ್ಳೆಯದು. ನಮ್ಮ ಮುರಕಲ್ಲಿನ ನೆಲ ಮಳೆಗಾಲದಲ್ಲಿ ನೀರು ಕುಡಿದು ಚೆನ್ನಾಗಿ ವರ್ತಿಸುತ್ತದೆ, ಬೇಸಿಗೆಯಲ್ಲಿ ಒಣಗಿ ಕರೆಂಟಿಗೆ ದಾರಿ ಕೊಡುವುದಿಲ್ಲ. ಸಿಡಿಲು ಬರುವುದೋ ಏಪ್ರಿಲ್, ಮೇಯಲ್ಲಿ, ನೆಲ ಅತಿ ಹೆಚ್ಚು ಒಣಗಿರುವಾಗ. ಆದ್ದರಿಂದ ಅರ್ತ್ ಅಳೆಯಬೇಕಾದದ್ದೂ ಆಗಲೇ. ಜುಲೈಯಲ್ಲಿ ಅಳೆದು ಸಮಾಧಾನಪಟ್ಟುಕೊಂಡರೆ ಪ್ರಯೋಜನವಿಲ್ಲ.

ಬಚ್ಚಲಿನ ನೀರು ಹರಿದು ತೋಟಕ್ಕೆ ಹೋಗುವ ಕಡೆ, ಸದಾ ತಂಪಿರುವ ಜಾಗದಲ್ಲಿ, ತಾಮ್ರ ಲೇಪಿತ ಎರಡು ರಾಡುಗಳನ್ನು ಅಂತರ ಬಿಟ್ಟು ಆಳಕ್ಕೆ ಇಳಿಸಿ, ಸುತ್ತ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿ ತುಂಬಿ, ಎರಡನ್ನೂ ಜೋಡಿಸಲಾಯಿತು. ಏಪ್ರಿಲಿನ ಅಳತೆ 5 ಓಮಿನೊಳಗೆ ಬಂತು. ಹಳೆಯ ಪದ್ಧತಿಯ ಇದ್ದಿಲು, ಉಪ್ಪು ಬೇಡ ಎಂದೆ. ಉಪ್ಪು ಮೊದಲೆರಡು ವರ್ಷ ಚೆನ್ನಾಗಿ ಕೆಲಸ ಮಾಡುತ್ತದೆ, ಆಮೇಲೆ ಕಬ್ಬಿಣವನ್ನೇ ತಿನ್ನುತ್ತದೆ, ಮಳೆಗೆ ತೊಳೆದೂ ಹೋಗುತ್ತದೆ.

ಮೈನ್ ಬೋರ್ಡಿನಲ್ಲಿ ಮೂರು ಫೇಸಿಗೂ ನ್ಯೂಟ್ರಲ್ಲಿಗೂ ಸೇರಿ ಟೈಪ್ 1+2 ವರ್ಗದ (ನೇರ ಸಿಡಿಲಿನ ಕರೆಂಟನ್ನೂ ತಾಳುವ) ಸರ್ಜ್ ಪ್ರೊಟೆಕ್ಟರ್ ಕೂರಿತು. ಕರೆಂಟು ಕಂಬದ ಮೇಲಿನ ಹೊದಿಕೆಯಿಲ್ಲದ ತಂತಿಯಲ್ಲಿ ಬರುವ ಮನೆ, ಸುತ್ತ ಎತ್ತರದ ತೆಂಗು; ಬರಿ ಟೈಪ್ 2 ಸಾಲದೆನಿಸಿತು. ಇಲ್ಲಿ ಒಂದು ಸಣ್ಣ ಜಗ್ಗಾಟ ನಡೆಯಿತು. ಎಲೆಕ್ಟ್ರೀಷಿಯನ್ ಪ್ರೊಟೆಕ್ಟರನ್ನು ಬೋರ್ಡಿನ ತುದಿಯಲ್ಲಿಟ್ಟು ಉದ್ದದ ವಯರನ್ನು ಚೆಂದವಾಗಿ ಸುರುಳಿ ಸುತ್ತಿ ತಂದಿದ್ದರು. ನೋಡಲು ಅಚ್ಚುಕಟ್ಟು, ಕೆಲಸಕ್ಕೆ ಕೆಟ್ಟದ್ದು. ಸಿಡಿಲಿನ ಕರೆಂಟು ಮೈಕ್ರೊಸೆಕೆಂಡುಗಳಲ್ಲಿ ಏರುವುದರಿಂದ ಒಂದು ಮೀಟರ್ ವಯರೇ ಸಾವಿರಾರು ವೋಲ್ಟ್ ಹೊತ್ತು ನಿಲ್ಲುತ್ತದೆ, ಅಷ್ಟೂ ಆಂಪ್ಲಿಫಯರಿನ ಪಾಲಿಗೆ. ಜೋಡಿಸುವ ವಯರುಗಳ ಒಟ್ಟು ಉದ್ದ ಅರ್ಧ ಮೀಟರಿನೊಳಗೆ ಇರಬೇಕು, ನೇರವಾಗಿರಬೇಕು. ಪ್ರೊಟೆಕ್ಟರನ್ನು ಅರ್ತ್ ಬಾರಿನ ಪಕ್ಕಕ್ಕೇ ಸರಿಸಿದೆವು. ಕೇಬಲ್ ಟಿ.ವಿ. ವಯರಿಗೂ ಒಂದು ಪ್ರೊಟೆಕ್ಟರ್ ಹಾಕಿ ಅದೇ ಅರ್ತಿಗೆ ಸೇರಿಸಿದೆವು. ಹಿಂದಿನ ಆಂಪ್ಲಿಫಯರಿನ ರಿಪೇರಿ ಮಾಡಿದವರು ಟಿ.ವಿ. ಇನ್‌ಪುಟ್ ಕಡೆಯೇ ಸುಟ್ಟದ್ದು ಹೆಚ್ಚು ಎಂದಿದ್ದರು. ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಮತ್ತು ವೋಲ್ಟೇಜ್ ಮಿತಿ ಮೀರಿದರೆ ಕಡಿದು ಸ್ವಲ್ಪ ತಡೆದು ಜೋಡಿಸುವ ರಿಲೇ. ಕಂಬದಲ್ಲಿ ನ್ಯೂಟ್ರಲ್ ತುಂಡಾದರೂ ಈಗ ಮನೆ ತಪ್ಪಿಸಿಕೊಳ್ಳುತ್ತದೆ.

ಕೊನೆಗೆ ಕಂಡೀಷನರ್

ಇಷ್ಟಾದ ಮೇಲೆ ಅಂಗಡಿಯವರ ಪೆಟ್ಟಿಗೆಯನ್ನು ಮತ್ತೆ ಹಾಕಿ ಕೇಳಿದೆವು, ಮಗನ ಮಾತಿಗೂ ಬೆಲೆ ಕೊಡಬೇಕಲ್ಲ. ರಾಯರು ಬೆನ್ನು ಮಾಡಿ ಕೂತರು. ಅವರ ಪತ್ನಿ ತಮಗೆ ಬೇಕಾದ ಹಾಗೆ ಒಮ್ಮೆ ಪೆಟ್ಟಿಗೆಯ ಮೂಲಕ, ಒಮ್ಮೆ ನೇರವಾಗಿ ಪ್ಲಗ್ ಹಾಕಿ, ಹಾಕಿದ್ದನ್ನು ಚೀಟಿಯಲ್ಲಿ ಬರೆದಿಟ್ಟರು. ಸೆಕೆಂಡಿಗೆ ಎರಡು ಅಲೆ ಹಿಡಿದ ಕಿವಿ ಅದು. ಚೆಂಡೆ, ಮದ್ದಳೆ, ಭಾಗವತರ ಏರುಧ್ವನಿ, ತಂಬೂರಿ ಎಲ್ಲ ಕೇಳಿದ ಮೇಲೆ ರಾಯರ ಉತ್ತರಗಳನ್ನು ಚೀಟಿಯ ಜೊತೆ ಹೋಲಿಸಿದರೆ ಸರಿಯೂ ತಪ್ಪೂ ಹೆಚ್ಚುಕಡಿಮೆ ಸಮ. “ವ್ಯತ್ಯಾಸ ಉಂಟು ಅಂತ ಹೇಳ್ಲಿಕ್ಕೆ ನನ್ನಿಂದಾಗುದಿಲ್ಲ” ಎಂದರು. ಆ ಪೆಟ್ಟಿಗೆ ಅಂಗಡಿಗೆ ಹಿಂತಿರುಗಿತು. ಬೇರೆ ಮನೆಯಲ್ಲಿ, ಪಕ್ಕದಲ್ಲೇ ವೆಲ್ಡಿಂಗ್ ಶಾಪು ಇರುವಲ್ಲಿ, ಅದರ ಫಿಲ್ಟರ್ ಬೇಕಾಗಬಹುದು. ಈ ಮನೆಯಲ್ಲಿ ಅದಕ್ಕೆ ಕೆಲಸ ಉಳಿದಿರಲಿಲ್ಲ.

ಸ್ಟೆಬಿಲೈಸರ್ ಬೇಕೇ ಎಂಬುದೂ ಲೆಕ್ಕದಲ್ಲೇ ತೀರಿತು. ಬೇಸಿಗೆಯ ಸಂಜೆ 200 ವೋಲ್ಟಿಗೆ ಇಳಿದರೆ ಈ ಆಂಪ್ಲಿಫಯರಿನ ಗರಿಷ್ಠ ಶಕ್ತಿ 80ರ ಬದಲು ಸುಮಾರು 60 ವ್ಯಾಟ್ ಆಗುತ್ತದೆ, ಡೆಸಿಬೆಲ್ ಲೆಕ್ಕದಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು. ರಾಯರು ಕೇಳುವುದು ಹೆಚ್ಚೆಂದರೆ ನಾಲ್ಕೈದು ವ್ಯಾಟಿನಲ್ಲಿ. ಡ್ಯಾಕಿನ ಅಡಾಪ್ಟರ್ 100ರಿಂದ 240 ವೋಲ್ಟಿನವರೆಗೆ ಎಲ್ಲೂ ನಡೆಯುತ್ತದೆ. ಸಂಜೆ 170ಕ್ಕೆ ಬೀಳುವ ಮನೆಯಾಗಿದ್ದರೆ ಸರ್ವೋ ಸ್ಟೆಬಿಲೈಸರ್ (ಮೋಟರಿನಿಂದ ವೋಲ್ಟೇಜನ್ನು ನಯವಾಗಿ ಸರಿಹೊಂದಿಸುವಂಥದ್ದು) ಹೇಳುತ್ತಿದ್ದೆ. ರಿಲೇಯದ್ದು ಟಪ್ ಟಪ್ ಎಂದು ಹಂತಹಂತವಾಗಿ ಬದಲಿಸುತ್ತದೆ, ಆಲಾಪದ ನಡುವೆ ಆ ಸದ್ದನ್ನು ಯಾರೂ ಸಹಿಸಲಾರರು.

ಕೊಂಡದ್ದು ಏಳೆಂಟು ಸಾವಿರದ, ಆರು ಸಾಕೆಟ್ಟಿನ ಒಂದು ಪಟ್ಟಿ. ಆರಿಸುವಾಗ ನೋಡಿದ್ದು ಇಷ್ಟು: ಆಂಪ್ಲಿಫಯರಿನ ದಾರಿಯಲ್ಲಿ ಸರಣಿಯಾಗಿ ಕಾಯಿಲ್ ಇರಬಾರದು, ಏಕೆಂದರೆ ಆಂಪ್ಲಿಫಯರ್ ಕರೆಂಟನ್ನು ಅಲೆಯ ತುದಿಯಲ್ಲಿ, ಸೆಕೆಂಡಿಗೆ ನೂರು ಸಲ, ಗುಟುಕು ಗುಟುಕಾಗಿ ಎಳೆಯುತ್ತದೆ, ಕಾಯಿಲ್ ಅದಕ್ಕೆ ಅಡ್ಡಬರುತ್ತದೆ; ಎಂ.ಒ.ವಿ. ಸವೆದು ಹೋದಾಗ ತಿಳಿಸುವ ದೀಪ ಇರಬೇಕು, ಎಂ.ಒ.ವಿ. ಬಿಸಿಯಾದರೆ ಕಡಿಯುವ ಥರ್ಮಲ್ ಫ್ಯೂಸ್ ಇರಬೇಕು. 16 ಆಂಪಿಯರ್ ಪ್ಲಗ್ಗು, ಗಟ್ಟಿ ಅರ್ತ್ ಪಿನ್ನು. ಸಿಸ್ಟಮ್ಮಿನ ಎಲ್ಲವೂ ಆ ಒಂದೇ ಪಟ್ಟಿಯಲ್ಲಿ, ಆಗ ಎಲ್ಲದರ ಅರ್ತ್ ಒಂದೇ ಬಿಂದುವಿಗೆ ಸೇರುತ್ತದೆ. ಮನೆಯ ಇನ್ವರ್ಟರ್ ನಯವಾದ ಅಲೆಯ ಬದಲು ಚೌಕದ ಅಲೆ ಕೊಡುವ ಹಳೆಯ ಸ್ಕ್ವೇರ್ ವೇವ್ ಮಾದರಿಯದಾದ್ದರಿಂದ ಈ ಕೋಣೆಯ ಸಾಕೆಟ್ಟನ್ನು ಇನ್ವರ್ಟರ್ ಲೈನಿನಿಂದ ಹೊರಗಿಟ್ಟೆವು.

ಅರ್ತ್, ಬೋರ್ಡಿನ ಕೆಲಸ, ಪಟ್ಟಿ, ಕೂಲಿ ಎಲ್ಲ ಸೇರಿ ನಲವತ್ತು ಸಾವಿರದೊಳಗೆ ಮುಗಿಯಿತು. ಅದರಲ್ಲಿ ಬರಿ ಸಂಗೀತಕ್ಕೆಂದು ಹೋದದ್ದು ನಾಲ್ಕರಲ್ಲೊಂದು ಪಾಲಿಗಿಂತ ಕಡಿಮೆ. ಉಳಿದದ್ದು ಫ್ರಿಜ್ಜಿಗೂ, ಪಂಪಿಗೂ, ಮನೆಯವರ ಜೀವಕ್ಕೂ. ಮಗ ಮೊದಲು ಒಪ್ಪಿರಲಿಲ್ಲ. ಕರಗಿದ ಲಿಂಕಿನ ಫೋಟೋ ಕಳಿಸಿದ ಮೇಲೆ ಅವನೇ ಆರ್‌ಸಿಸಿಬಿಯ ಹಣ ಹಾಕಿದ.

ಇದೇ ಪ್ರಶ್ನೆ ಹೊತ್ತು ಬರುವವರಿಗೆ ನಾನು ಈಗ ಕೊಡುವ ಕೆಲಸಗಳು ಈ ಮನೆಯಿಂದ ಬಂದವು. ಸಾಕೆಟ್ಟಿನ ವೋಲ್ಟೇಜನ್ನು ಹೊತ್ತಿನ ಜೊತೆ, ಆಗ ಓಡುತ್ತಿದ್ದ ಯಂತ್ರಗಳ ಜೊತೆ ಬರೆದಿಡಿ. ದೊಡ್ಡ ಲೋಡು ಹಾಕಿದಾಗ ವೋಲ್ಟೇಜ್ ಏರಿದರೆ ಆಡಿಯೋ ಮಾತು ಬಿಟ್ಟು ಅಂದೇ ಎಲೆಕ್ಟ್ರೀಷಿಯನ್ನನ್ನು ಕರೆಸಿ. ಸದ್ದು ಪೆಟ್ಟಿಗೆಯಿಂದಲೋ ಸ್ಪೀಕರಿನಿಂದಲೋ ನೋಡಿಕೊಳ್ಳಿ. ಅರ್ತನ್ನು ಬೇಸಿಗೆಯಲ್ಲಿ ಅಳೆಸಿ. ಇವು ಮುಗಿದ ಮೇಲೂ ಉಳಿಯುವ ತೊಂದರೆ ಯಾವುದೋ, ಅದಕ್ಕೆ ಹೊಂದುವ ಪೆಟ್ಟಿಗೆ ಕೊಳ್ಳಿ.

ಮರುವರ್ಷದ ಮೇ ತಿಂಗಳಲ್ಲಿ ತೋಟದ ಅಂಚಿನ ತೆಂಗಿಗೆ ಸಿಡಿಲು ಬಡಿಯಿತು. ಗುಡುಗು ಶುರುವಾದೊಡನೆ ಪ್ಲಗ್ ಕೀಳುವ ಅಭ್ಯಾಸವನ್ನು ರಾಯರು ಬಿಟ್ಟಿಲ್ಲ, ಬಿಡಬಾರದು ಕೂಡ. ಆ ದಿನ ಮದುವೆಗೆಂದು ಕುಂದಾಪುರಕ್ಕೆ ಹೋಗಿದ್ದರು. ಬಂದು ನೋಡಿದರೆ ಮೈನ್ ಬೋರ್ಡಿನ ಪ್ರೊಟೆಕ್ಟರಿನಲ್ಲಿ ಒಂದು ಫೇಸಿನ ಕಿಟಕಿ ಹಸಿರಿನಿಂದ ಕೆಂಪಿಗೆ ತಿರುಗಿತ್ತು. ಸಿಸ್ಟಮ್ ಚಾಲೂ ಮಾಡಿದರೆ ಎಲ್ಲ ಸರಿ. ಪ್ರೊಟೆಕ್ಟರಿನ ಆ ಒಂದು ಕಾರ್ಟ್ರಿಜ್ಜನ್ನು ಎಳೆದು ಹೊಸದು ಹಾಕಿಸಿದರು. ಈಗ ಮಳೆಗಾಲದ ಮೊದಲೊಮ್ಮೆ, ಅಕ್ಟೋಬರಿನ ಗುಡುಗು ಮುಗಿದ ಮೇಲೊಮ್ಮೆ ಆ ಕಿಟಕಿಗಳನ್ನು ನೋಡಿ ಹಾಲಿನ ಪುಸ್ತಕದಲ್ಲೇ ಬರೆದಿಡುತ್ತಾರೆ.